ಒಂದೇ ದಿನವಿದ್ದರೆ ಬೇಲೂರೋ, ಸೋಮನಾಥಪುರವೋ?

ಎರಡೂ ಕಡೆಯ ಗುಡಿಗಳು ಹೊಯ್ಸಳರ ಕಾಲದವು, ಎರಡಕ್ಕೂ ಬಳಪದ ಕಲ್ಲು. ನೋಡುವ ರೀತಿ ಮಾತ್ರ ಬೇರೆ.

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರು ಚೆನ್ನಕೇಶವನಿಗೆ ಇಂದಿಗೂ ಪೂಜೆಯಿದೆ. ಮಧ್ಯಾಹ್ನ ಗರ್ಭಗುಡಿ ಮುಚ್ಚಿರುತ್ತದೆ, ಹಬ್ಬದ ದಿನ ಸಾಲು ಉದ್ದ. ಇಲ್ಲಿನ ಬೆರಗು ಮದನಿಕೆಯರು, ಅಂದರೆ ಸುಂದರಿಯರ ಶಿಲ್ಪಗಳು. ಸೂರಿನ ಕೆಳಗೆ ಮುಂದಕ್ಕೆ ವಾಲಿ ನಿಂತಿರುವುದರಿಂದ ಬರಿಗಣ್ಣಿಗೆ ಬೆರಳು, ಒಡವೆಗಳ ಸೂಕ್ಷ್ಮ ದಕ್ಕುವುದಿಲ್ಲ, ದುರ್ಬೀನು ಒಯ್ಯಿರಿ. ಒಳಗಿನ ಕಂಬಗಳಿಗೆ ಮಂದ ಬೆಳಕು, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೊಡಿ. ಬಿರುಬಿಸಿಲಿನಲ್ಲಿ ಅಂಗಳದ ಚಪ್ಪಡಿ ಬರಿಗಾಲಿಗೆ ಸುಡುತ್ತದೆ, ಕಾಲುಚೀಲ ಇರಲಿ.

ಸೋಮನಾಥಪುರದ್ದು 13ನೇ ಶತಮಾನದ ಗುಡಿ, ಪೂಜೆಯಿಲ್ಲ. ಗಲಾಟೆ ಕಡಿಮೆ, ಪುಸ್ತಕ ಹಿಡಿದು ನಿಧಾನ ಓದುತ್ತಾ ಸುತ್ತಬಹುದು. ಬೇಲೂರಿನಲ್ಲಿ ಉಳಿಯದ ಶಿಖರ ಇಲ್ಲಿ ಮೂರಿವೆ. ಜಗಲಿಯ ಮೇಲೆ ನಡೆದರೆ ಆನೆ, ಕುದುರೆ, ಪುರಾಣದ ಪಟ್ಟಿಕೆಗಳು ಕೈಗೆಟಕುವಷ್ಟು ಹತ್ತಿರ. (ಮುಟ್ಟಬೇಡಿ, ಬೆವರಿನ ಕೈ ತಾಗಿ ತಾಗಿ ಕಲ್ಲು ಕಪ್ಪಾಗುತ್ತದೆ.) ವಿಗ್ರಹಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಸಹಿ ಹುಡುಕಿ. ಮೂರು ಗರ್ಭಗುಡಿಗಳಲ್ಲಿ ನಡುವಿನ ಕೇಶವನ ಮೂಲ ಮೂರ್ತಿ ಮಾತ್ರ ಉಳಿದಿಲ್ಲ.

ಚಿತ್ರ ಬರೆಯುವವರಿಗೆ ನನ್ನ ಮತ ಸೋಮನಾಥಪುರಕ್ಕೆ. ಮೈಸೂರಿನಿಂದ ಸುಮಾರು 35 ಕಿ.ಮೀ. ಜೀವಂತ ದೇವಸ್ಥಾನ ಬೇಕೆನ್ನುವವರು ಬೇಲೂರಿಗೇ ಹೋಗಲಿ, 16 ಕಿ.ಮೀ. ಆಚೆಗಿನ ಹಳೇಬೀಡೂ ಅದೇ ದಿನಕ್ಕೆ ಸಿಗುತ್ತದೆ.