304, 316ಎಲ್, 2205: ಹೈಡ್ರೋಜನ್ ಎದುರು ಯಾವ ಸ್ಟೀಲ್ ತಡೆದುಕೊಳ್ಳುತ್ತದೆ?

ಹೈಡ್ರೋಜನ್ ಒಳಹೊಕ್ಕರೆ ಸ್ಟೀಲ್ ಬಿರುಕು ಬಿಡಬಹುದು. ಅದನ್ನು ನೋಡಲು ಈ ಮೂರು ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್‌ಗಳನ್ನೂ ಕನ್ನಡಿಯಂತೆ ಪಾಲಿಶ್ ಮಾಡಿದೆ. ಆಮೇಲೆ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಮುಳುಗಿಸಿ, ಕ್ಯಾಥೋಡ್‌ಗೆ (ಮೈನಸ್ ತುದಿಗೆ) ಕಟ್ಟಿ ಕರೆಂಟ್ ಕೊಟ್ಟೆ. ಆಸಿಡ್‌ಗೆ ಚೂರು ಥಯೋಯೂರಿಯಾ ಹಾಕಿದ್ದೆ. ಹೈಡ್ರೋಜನ್ ಪರಮಾಣುಗಳು ಜೋಡಿಯಾಗಿ ಗುಳ್ಳೆ ಎದ್ದು ಹೋಗುವುದನ್ನು ಅದು ತಡೆಯುತ್ತದೆ. ಆಗ ಲೋಹದೊಳಗೆ ಜಾಸ್ತಿ ಇಳಿಯುತ್ತವೆ.

304 ನನಗೆ ಹೆಚ್ಚು ಕಲಿಸಿತು. ಚಾರ್ಜ್, ಅಂದರೆ ಹೀಗೆ ಹೈಡ್ರೋಜನ್ ತುಂಬಿಸುವುದು, ಮುಗಿದ ಕೂಡಲೇ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಅಂಥದ್ದೇನೂ ಕಾಣಲಿಲ್ಲ. ಸುಮ್ನೆ ಟೇಬಲ್ ಮೇಲೆ ಬಿಟ್ಟು ಮತ್ತೆ ನೋಡಿದಾಗ ಲೋಹದ ಹರಳು ಕಣಗಳ ಮೇಲೆಲ್ಲ ಸಣ್ಣ ಬಿರುಕುಗಳು! ಒಳಗೆ ಹೋದ ಹೈಡ್ರೋಜನ್ ಹರಳಿನ ಜಾಲವನ್ನು ಹಿಗ್ಗಿಸಿರುತ್ತದೆ. ಅದು ಹೊರಬೀಳುವಾಗ ಮೇಲ್ಪದರ ಕುಗ್ಗಲು ನೋಡುತ್ತದೆ, ಕೆಳಗಿನ ಲೋಹ ಬಿಡುವುದಿಲ್ಲ. ಆ ಎಳೆದಾಟಕ್ಕೆ ಮೇಲ್ಮೈ ಸೀಳುತ್ತದೆ. 304ರಲ್ಲಿ ನಿಕಲ್ ಸುಮಾರು 8%. ಅಷ್ಟಕ್ಕೆ ಆಸ್ಟೆನೈಟ್ (ಅಯಸ್ಕಾಂತಕ್ಕೆ ಅಂಟದ ಹರಳು ರಚನೆ) ಗಟ್ಟಿಯಾಗಿ ನಿಲ್ಲುವುದಿಲ್ಲ, ಎಳೆದರೆ ಬಗ್ಗಿಸಿದರೆ ಮಾರ್ಟೆನ್ಸೈಟ್ (ಅಂಟುವ, ಗಡುಸಾದ ರಚನೆ) ಆಗುತ್ತದೆ. ಎಳೆದು ಮುರಿದ ತುದಿಗೆ ಅಯಸ್ಕಾಂತ ಹಿಡಿಯಿರಿ, ಅಂಟಿಕೊಳ್ಳುತ್ತದೆ. ಮಾರ್ಟೆನ್ಸೈಟ್‌ನಲ್ಲಿ ಹೈಡ್ರೋಜನ್ ಆಸ್ಟೆನೈಟ್‌ಗಿಂತ ಸಾವಿರಾರು ಪಟ್ಟು ಬೇಗ ಓಡಾಡುತ್ತದೆ. ಬಿರುಕಿಗೆ ದಾರಿ ಮಾಡಿಕೊಟ್ಟಂತೆ ಅಲ್ವಾ?

316ಎಲ್ ಬಗ್ಗೆ ಹೇಳುವುದು ಕಡಿಮೆ. ಹರಳಿನ ಪದರಗಳು ಒಂದರ ಮೇಲೊಂದು ಜಾರಿದ ಗೆರೆಗಳು ಕಂಡವು, ಅಲ್ಲೊಂದು ಇಲ್ಲೊಂದು ಬಿರುಕು, ಅಷ್ಟೇ. ಅಯಸ್ಕಾಂತ ಹೆಚ್ಚುಕಡಿಮೆ ಸುಮ್ಮನಿತ್ತು.

2205 ಮೇಲೆ ನನಗೆ ಆಸೆ ಇತ್ತು. ಬಲದಲ್ಲಿ ಉಳಿದೆರಡನ್ನೂ ಮೀರಿಸುತ್ತದೆ, ದುಬಾರಿ ನಿಕಲ್ ಬರೀ 5% ಆಸುಪಾಸು. ಆದರೆ ಅದರಲ್ಲಿ ಸುಮಾರು ಅರ್ಧ ಫೆರೈಟ್ ಎಂಬ ಬೇರೆ ಹರಳು ರಚನೆ, ಉಳಿದದ್ದು ಆಸ್ಟೆನೈಟ್. ಬಿರುಕುಗಳು ಹೆಚ್ಚಾಗಿ ಅಲ್ಲೇ ಹುಟ್ಟಿ, ಆಸ್ಟೆನೈಟ್ ಪಟ್ಟಿ ಅಡ್ಡ ಬಂದಾಗ ನಿಂತವು. ಈ ಪಟ್ಟಿಗಳು ತಗಡನ್ನು ರೋಲ್ ಮಾಡಿದ ದಿಕ್ಕಿಗೇ ಮಲಗಿರುತ್ತವೆ, ಹಾಗಾಗಿ ಆ ದಿಕ್ಕು ಯಾವುದು ಎಂಬುದೇ ಇಲ್ಲಿ ದೊಡ್ಡ ವಿಷಯ. ಬಿರುಕು ಪಟ್ಟಿಗಳ ಉದ್ದಕ್ಕೇ ಹರಿದರೆ ಅದನ್ನು ತಡೆಯಲು ಏನೂ ಇರುವುದಿಲ್ಲ.

ಒಂದು ಮಾತು. ಕೋಣೆಯ ಬಿಸಿಯಲ್ಲಿ ಇಡೀ ದಿನ ಚಾರ್ಜ್ ಮಾಡಿದರೂ ಆಸ್ಟೆನೈಟ್‌ನಲ್ಲಿ ಹೈಡ್ರೋಜನ್ ಇಳಿಯುವುದು ಕೆಲವೇ ಮೈಕ್ರಾನ್. ಅದಕ್ಕೇ ಮುರಿದ 304ರ ಅಂಚು ಮಾತ್ರ ಚಪ್ಪಟೆಯಾಗಿ ಒಡೆದಿತ್ತು, ನಡುವೆ ಲೋಹ ಹಿಗ್ಗಿ ಮುರಿದಾಗ ಕಾಣುವ ಮಾಮೂಲಿ ಗುಳಿಗಳೇ ಇದ್ದವು. ಇಡೀ ತುಂಡಿಗೆ ಹೈಡ್ರೋಜನ್ ತುಂಬಿಸಬೇಕೆಂದರೆ ಹೆಚ್ಚಿನ ಒತ್ತಡದ ಗ್ಯಾಸಿನಲ್ಲಿಟ್ಟು ಬಿಸಿ ಮಾಡಬೇಕು.

ಹೈಡ್ರೋಜನ್ ಪೈಪಿಗೆ ನನ್ನ ಆಯ್ಕೆ ಅನೀಲ್ ಮಾಡಿದ (ಕಾಯಿಸಿ ಮೆದುಗೊಳಿಸಿದ) 316ಎಲ್. ಆದರೆ ಬರೀ ಹೆಸರು ನೋಡಿ ಕೊಳ್ಳಬೇಡಿ. ಆ ಗ್ರೇಡಿನಲ್ಲಿ ನಿಕಲ್ 10ರಿಂದ 14% ತನಕ ಇರಬಹುದು, ಅಗ್ಗದ ಮಾಲು 10ರ ಹತ್ತಿರವೇ ಇರುತ್ತದೆ. ಟೆಸ್ಟ್ ಸರ್ಟಿಫಿಕೇಟ್ ಕೇಳಿ, 12 ದಾಟಿದ್ದನ್ನು ಆರಿಸಿ. 304 ಅನಿವಾರ್ಯವಾದರೆ ಕೋಲ್ಡ್ ಬೆಂಡ್ ಮಾಡಿದ (ಕಾಯಿಸದೆ ಬಗ್ಗಿಸಿದ) ಮೂಲೆಗಳನ್ನು ಮೊದಲು ಪರೀಕ್ಷಿಸಿ, ಮಾರ್ಟೆನ್ಸೈಟ್ ಹುಟ್ಟುವುದು ಅಲ್ಲೇ.