ಮೈಗ್ರೇನ್, ಫಿಟ್ಸ್ ಎರಡೂ ಇರುವವರು ಇಲ್ಲಿಗೆ ಬನ್ನಿ

ದಾವಣಗೆರೆ ಪಿ.ಜೆ. ಬಡಾವಣೆಯ ಈ ನರರೋಗ ಕ್ಲಿನಿಕ್ಕಿನ ಬಗ್ಗೆ ಬರೆಯಲೇಬೇಕು ಅನಿಸಿತು. ನಾವು ಹರಿಹರದವರು. ಪಿಯುಸಿ ಓದುವ ಮಗಳನ್ನು ಇಲ್ಲಿಗೇ ತೋರಿಸುತ್ತಿದ್ದೇವೆ. ಇದಕ್ಕೂ ಮುಂಚೆ ಒಬ್ಬರು ಎಲ್ಲಾ ಮೈಗ್ರೇನ್ ಅಂದರು, ಇನ್ನೊಬ್ಬರು ಎಲ್ಲಾ ಫಿಟ್ಸ್ ಅಂದರು. ಅವಳನ್ನು ಮಾತಾಡಿಸಿದವರೇ ಇಲ್ಲ.

ಇಲ್ಲಿ ಡಾಕ್ಟರು ಸ್ಕ್ಯಾನಿಂಗ್ ಫೈಲನ್ನು ಪಕ್ಕಕ್ಕಿಟ್ಟು ಅವಳ ಕೈಗೆ ಹಾಳೆ, ಬಣ್ಣದ ಪೆನ್ನು ಕೊಟ್ಟರು. 'ಕಣ್ಣಿಗೆ ಏನೇನು ಕಾಣುತ್ತೆ, ಬರಿಯಮ್ಮ' ಅಂದರು. ಅವಳು ಎರಡು ಚಿತ್ರ ಬರೆದಳು. ಒಂದರಲ್ಲಿ ಗರಗಸದ ಹಲ್ಲಿನಂಥ ಬಿಳಿ ಗೆರೆ. ಅದು ನಿಧಾನವಾಗಿ ಹರಡುತ್ತಾ 20 ನಿಮಿಷ ಇರುತ್ತದೆ, ಆಮೇಲೆ ತಲೆನೋವು, ವಾಂತಿ. ಇನ್ನೊಂದರಲ್ಲಿ ಕೆಂಪು, ಹಸಿರು, ಹಳದಿ ಸಣ್ಣ ಸಣ್ಣ ಉಂಡೆಗಳು. ಅದು ಅರ್ಧ ನಿಮಿಷವೂ ಇಲ್ಲ, ಅಷ್ಟರಲ್ಲಿ ಕತ್ತು ತಿರುಗಿ ಬಿದ್ದುಬಿಡುತ್ತಾಳೆ. ಹೆತ್ತ ನನಗೇ ಈ ವ್ಯತ್ಯಾಸ ಅವತ್ತು ಗೊತ್ತಾಯಿತು.

ಮೊದಲನೆಯದು ಮೈಗ್ರೇನ್, ಎರಡನೆಯದು ಮೆದುಳಿನ ಹಿಂಭಾಗದಲ್ಲಿ ಶುರುವಾಗುವ ಫಿಟ್ಸ್ ಎಂದು ಬಿಡಿಸಿ ಹೇಳಿದರು. ಎರಡೂ ಒಬ್ಬರಲ್ಲೇ ಇರುವುದು ಅಪರೂಪವೇನಲ್ಲ. ಮೂರ್ಛೆ ರೋಗ ಇರುವವರಿಗೆ ಮೈಗ್ರೇನ್ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಫಿಟ್ಸ್ ಬಂದು ಹೋದ ಮೇಲೂ ತಲೆ ಸಿಡಿಯುತ್ತೆ, ಅದನ್ನು ಬೇರೆಯಾಗಿ ಬರೆದಿಡಿ ಅಂದರು. ಇಇಜಿ (ತಲೆಗೆ ವೈರ್ ಅಂಟಿಸಿ ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ನಾರ್ಮಲ್ ಬಂತು. ಅಷ್ಟಕ್ಕೇ ಫಿಟ್ಸ್ ಇಲ್ಲ ಅನ್ನೋಕಾಗಲ್ಲ ಅಂತ ಮೊದಲೇ ಹೇಳಿದ್ದರಿಂದ ನಾವು ಗೊಂದಲ ಮಾಡಿಕೊಳ್ಳಲಿಲ್ಲ.

ಟೋಪಿರಾಮೇಟ್ ಬರೆದುಕೊಟ್ಟಿದ್ದಾರೆ. ಎರಡಕ್ಕೂ ಆಗುವ ಮಾತ್ರೆ. ಬೆರಳು ಜುಮ್ಮೆನ್ನಬಹುದು, ಕಿಡ್ನಿಯಲ್ಲಿ ಕಲ್ಲಾಗದ ಹಾಗೆ ನೀರು ಜಾಸ್ತಿ ಕುಡೀಬೇಕು ಅಂತಲೂ ಹೇಳಿದರು. ವ್ಯಾಲ್‌ಪ್ರೊಯೇಟ್ ಕೂಡ ಎರಡಕ್ಕೂ ಆಗುತ್ತದೆ, ಆದರೆ ಮುಂದೆ ಬಸಿರಾದಾಗ ಮಗುವಿಗೆ ತೊಂದರೆ ಅಂತ ಕೊಡಲಿಲ್ಲ. ಟೋಪಿರಾಮೇಟ್‌ಗೂ ಆ ಭಯ ಇದ್ದೇ ಇದೆ, ಮದುವೆ ಮಾತು ಬಂದಾಗ ಮೊದಲು ಇಲ್ಲಿಗೆ ಬನ್ನಿ ಅಂದರು. ಹೆಣ್ಣುಮಕ್ಕಳ ತಾಯಂದಿರಿಗೆ ಇಷ್ಟು ಬಿಡಿಸಿ ಹೇಳುವವರು ಬೇಕು.

ಫಿಟ್ಸ್ ಬಂದಾಗ ನಮ್ಮತ್ತೆ ಅವಳ ಕೈಗೆ ಕಬ್ಬಿಣದ ಬೀಗದ ಕೈ ಕೊಡ್ತಾರೆ ಅಂದಾಗ ಡಾಕ್ಟರು ಬೈಯಲಿಲ್ಲ. 'ಅಜ್ಜೀ, ಬೀಗದ ಕೈ ಬೇಡ, ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ' ಅಂದರು. ಈಗ ಅತ್ತೆಯೇ ಬೀದಿಯವರಿಗೆಲ್ಲ ಹೇಳುತ್ತಾರೆ.

ಬರುವವರು ಫಿಟ್ಸ್ ಬಂದಾಗಿನ ವಿಡಿಯೊ ಫೋನಿನಲ್ಲಿ ತನ್ನಿ. ಇಇಜಿ ಇದ್ದರೆ ತಲೆಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ. ನಮ್ಮನ್ನು ಅದಕ್ಕೇ ಒಮ್ಮೆ ವಾಪಸ್ ಕಳಿಸಿದ್ದರು. ಫೋನ್ ಮಾಡಿದಾಗಲೇ ಹೇಳಬಹುದಿತ್ತು.

ಟೋಕನ್ ಸಿಕ್ಕರೂ ಕಾಯುವುದು ತಪ್ಪುವುದಿಲ್ಲ. ಹೊರಗೆ ಕೂರುವ ಜಾಗದ ಟ್ಯೂಬ್‌ಲೈಟ್ ಮಿಣಕ್ ಮಿಣಕ್ ಅನ್ನುತ್ತೆ, ಟಿವಿ ಸೌಂಡ್ ಬೇರೆ. ಮೈಗ್ರೇನ್ ಇರುವ ಮಕ್ಕಳು ದುಪಟ್ಟಾ ಮುಚ್ಚಿಕೊಂಡು ಕೂತಿರುತ್ತಾರೆ. ಕ್ಲಿನಿಕ್ಕಿನವರು ಇದನ್ನು ಓದಿದರೆ ದಯವಿಟ್ಟು ಆ ಲೈಟನ್ನು ಮೊದಲು ಬದಲಾಯಿಸಿ.