ಕಾರವಾರದ ಉಪ್ಪುಗಾಳಿಯಲ್ಲಿ ನಾಲ್ಕಡಿ ಅಕ್ವೇರಿಯಂ ಸ್ಟ್ಯಾಂಡ್: ಕೆಲವು ಮಳೆಗಾಲಗಳ ನಂತರದ ವಿಮರ್ಶೆ

ಇದು ಯಾವುದೇ ಬ್ರ್ಯಾಂಡಿನ ಸ್ಟ್ಯಾಂಡ್ ಅಲ್ಲ. ಕೋಡಿಬಾಗದ ಕಡೆ ಒಂದು ಸಣ್ಣ ವೆಲ್ಡಿಂಗ್ ಶಾಪಿನಲ್ಲಿ ಅಳತೆ ಕೊಟ್ಟು ಮಾಡಿಸಿದ ಕಬ್ಬಿಣದ ಸ್ಟ್ಯಾಂಡು, ಮೇಲೆ ಮರೀನ್ ಪ್ಲೈ (ನೀರು ತಡೆಯುವ ಪ್ಲೈವುಡ್) ಹಲಗೆ. 2019ರ ದೀಪಾವಳಿ ಹೊತ್ತಿಗೆ ಮನೆಗೆ ಬಂತು, ಇವತ್ತಿಗೂ ನಿಂತಿದೆ. ಮೇಲಿರುವುದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ತೊಟ್ಟಿ; ಅದರಲ್ಲಿ ಒಂದು ಜೋಡಿ ಆಸ್ಕರ್ ಮೀನು. ಹೊಸದಿದ್ದಾಗ ಯಾವ ಸ್ಟ್ಯಾಂಡೂ ಗಟ್ಟಿಯಾಗಿಯೇ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಅದರ ಬಣ್ಣ ಬಯಲಾಗುವುದು ಒಂದೆರಡು ಜೂನ್-ಜುಲೈ ಕಳೆದ ಮೇಲೆ.

ಮೊದಲು ಭಾರದ ಲೆಕ್ಕ. ತೊಟ್ಟಿಯ ಒಳಗೆ ಹಿಡಿಯುವುದು 12 ಘನ ಅಡಿ, ಘನ ಅಡಿಗೆ 28 ಲೀಟರ್ ಚಿಲ್ಲರೆ, ಅಂದರೆ ಕಂಠದವರೆಗೆ ತುಂಬಿದರೆ ಸುಮಾರು 340 ಲೀಟರ್. ಲೀಟರಿಗೆ ಒಂದು ಕೆಜಿ. 12 ಎಂಎಂ ಗಾಜು ಚದರ ಮೀಟರಿಗೆ 30 ಕೆಜಿ ತೂಗುತ್ತದೆ. ಐದು ಹಾಳೆ ಸೇರಿ ಎಪ್ಪತ್ತೈದು ಕೆಜಿ ದಾಟುತ್ತದೆ. ಜಲ್ಲಿ, ಕಲ್ಲು, ಬೇರಿನ ತುಂಡು ಎಲ್ಲ ಕೂಡಿಸಿದರೆ ಒಂಬತ್ತು ಚೀಲ ಸಿಮೆಂಟನ್ನು ಹಾಲಿನಲ್ಲಿ ಪೇರಿಸಿಟ್ಟ ಹಾಗೆ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದ ಮೇಲಂತೂ ಮನೆಗೆ ಬಂದ ನೆಂಟರೆಲ್ಲ ಎಂಜಿನಿಯರುಗಳೇ. ಮೀನು ನೋಡುವ ಮೊದಲು ಬಗ್ಗಿ ಕಾಲು ನೋಡುತ್ತಾರೆ.

ಆದರೆ ಕಾಲಿನದು ನಿಜವಾಗಿ ಸಮಸ್ಯೆಯೇ ಅಲ್ಲ. 50×50 ಎಂಎಂ, 3 ಎಂಎಂ ದಪ್ಪದ ಚೌಕ ಪೈಪು ನೆಟ್ಟಗೆ ನಿಂತರೆ ಇದರ ಹಲವು ಪಟ್ಟು ಭಾರ ಹೊರುತ್ತದೆ. ನೋಡಬೇಕಾದ್ದು ಬೇರೆ ಕಡೆ. ಒಂದು, ಮೇಲಿನ ಚೌಕಟ್ಟು ಕಾಲುಗಳ ತಲೆಯ ಮೇಲೆ ಕೂತಿದೆಯೋ, ಅಥವಾ ಕಾಲುಗಳ ಪಕ್ಕಕ್ಕೆ ಬೆಸೆದು ನೇತಾಡುತ್ತಿದೆಯೋ. ಪಕ್ಕಕ್ಕೆ ಬೆಸೆದರೆ ಅಷ್ಟೂ ಭಾರ ವೆಲ್ಡಿಂಗಿನ ಮೇಲೇ ಬೀಳುತ್ತದೆ. ಎರಡು, ಮುಂದಿನ ಅಡ್ಡಪಟ್ಟಿ. ಕೆಳಗೆ ಸಂಪ್ (ನೀರು ಸೋಸುವ ಎರಡನೇ ತೊಟ್ಟಿ) ಇಟ್ಟುಕೊಳ್ಳುವವರು ಮುಂದುಗಡೆ ನಡುವೆ ಕಾಲು ಬೇಡ ಎನ್ನುತ್ತಾರೆ, ನಾನೂ ಅಂದೆ; ಇಲ್ಲದಿದ್ದರೆ ಸಂಪ್ ಹೊರಗೆ ತೆಗೆಯಲಿಕ್ಕೇ ಬರುವುದಿಲ್ಲ. ಹಾಗಾದಾಗ ನಾಲ್ಕಡಿ ಉದ್ದಕ್ಕೂ ಆ ಒಂದೇ ಪಟ್ಟಿ ಭಾರ ಹೊರಬೇಕು. ಮಾಮೂಲಿ 40×40, 2 ಎಂಎಂ ಪೈಪು ಹಾಕಿದರೆ ಮುರಿಯುವುದಿಲ್ಲ, ಆದರೆ ನಡುವೆ ಒಂದೆರಡು ಎಂಎಂ ಜಗ್ಗುತ್ತದೆ. ಗಾಜು, ಅದನ್ನು ಅಂಟಿಸಿದ ಸಿಲಿಕಾನ್ ಕೆಡಲು ಅಷ್ಟು ಸಾಕು. ನನ್ನದರಲ್ಲಿ ಮುಂದಿನ ಪಟ್ಟಿ 80×40, 80ರ ಬದಿ ಮೇಲೆಕೆಳಗಾಗಿ ನಿಲ್ಲಿಸಿದ್ದು. ಶಾಪಿನವರು "ಇಷ್ಟೆಲ್ಲ ಬೇಡ ಸರ್, ಇದರ ಮೇಲೆ ಕಾರು ನಿಲ್ಲಿಸ್ತೀರಾ" ಅಂದರು. ಆದರೂ ಪಟ್ಟಿಯನ್ನು ಹಾಗೇ ನಿಲ್ಲಿಸಿ ಅಂದದ್ದಕ್ಕೆ ನಿಲ್ಲಿಸಿಕೊಟ್ಟರು, ಅದು ಅವರ ದೊಡ್ಡತನ. ಇಷ್ಟು ವರ್ಷದ ಮೇಲೂ ದಾರ ಎಳೆದು ಹಿಡಿದರೆ ಪಟ್ಟಿ ನೆಟ್ಟಗಿದೆ. ಹಿಂದುಗಡೆ ಎರಡು ಓರೆ ಪಟ್ಟಿ ಕೊಟ್ಟಿದ್ದಾರೆ, ಹಾಗಾಗಿ ಅಕ್ಕನ ಮಕ್ಕಳು ಆತುಕೊಂಡು ನಿಂತರೂ ನೀರು ತುಳುಕುವುದಿಲ್ಲ.

ರೆಡಿಮೇಡ್ ಕ್ಯಾಬಿನೆಟ್ ಬಗ್ಗೆ ಒಂದು ಮಾತು. ಇದಕ್ಕೆ ಮೊದಲು ಎರಡಡಿ ತೊಟ್ಟಿಯ ಜೊತೆ ಪಾರ್ಟಿಕಲ್ ಬೋರ್ಡಿನದ್ದು ಬಂದಿತ್ತು, ಕಂಪನಿ ಹೆಸರು ಬೇಡ. ನೋಡಲು ಚೆಂದ. ಮಳೆ ಹಿಡಿದ ಮೇಲೆ ಅಂಚಿನ ಟೇಪು ಎದ್ದಿತು, ಹಲಗೆ ಉಬ್ಬಿತು, ಸ್ಕ್ರೂ ತಿರುಗಿಸಿದರೆ ಹಿಡಿತವೇ ಇಲ್ಲದೆ ಸುಮ್ಮನೆ ತಿರುಗುತ್ತಿತ್ತು. ಘಟ್ಟದ ಮೇಲೆ ಉಪ್ಪುಗಾಳಿ ಇಲ್ಲ; ಶಿರಸಿಯ ನಮ್ಮ ಭಾವನ ಮನೆಯಲ್ಲಿ ಹಲಸಿನ ಮರದ ಸ್ಟ್ಯಾಂಡು ಗಟ್ಟಿಮುಟ್ಟಾಗಿದೆ, ಬೂಸ್ಟು ಒರೆಸುತ್ತಾ ಗೆದ್ದಲಿನ ಮೇಲೆ ಒಂದು ಕಣ್ಣಿಟ್ಟಿರಬೇಕು ಅಷ್ಟೇ. ಆದರೆ ಮರದ ಅಗಲ ಹಲಗೆ ಮಳೆಗಾಲದಲ್ಲಿ ಸ್ವಲ್ಪ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಾಲು, ಚೌಕಟ್ಟು ಮರದ್ದಾದರೂ ತೊಟ್ಟಿ ಕೂರುವ ಜಾಗಕ್ಕೆ ಪ್ಲೈಯೇ ಒಳ್ಳೆಯದು. ಪ್ಲೈ ಮೇಲೆ ಐಎಸ್ (ಭಾರತೀಯ ಮಾನಕ) 710 ಅಂತ ಮುದ್ರೆ ಇದ್ದರೆ ಅದು ಮರೀನ್ ದರ್ಜೆ. ಅಂಗಡಿಯವರು ಬಾಯಲ್ಲಿ ಹೇಳುವ 'ವಾಟರ್‌ಪ್ರೂಫ್' ಬಹಳ ಸಲ ಐಎಸ್ 303ರದ್ದು, ಅಂದರೆ ಸಾಮಾನ್ಯ ಬಳಕೆಯ ಪ್ಲೈ ಆಗಿರುತ್ತದೆ.

ಇನ್ನು ತುಕ್ಕು. ಈ ವಿಮರ್ಶೆ ಬರೆಯಲು ಕೂತದ್ದೇ ಇದಕ್ಕಾಗಿ. ಶಾಪುಗಳಲ್ಲಿ ಸಾಮಾನ್ಯವಾಗಿ ವೆಲ್ಡಿಂಗಿನ ಕಿಟ್ಟದ ಮೇಲೇ ರೆಡ್ ಆಕ್ಸೈಡ್ ಬಳಿದು, ಅದರ ಮೇಲೆ ಕಪ್ಪು ಎನಾಮಲ್ ಹೊಡೆದು ಕೊಡುತ್ತಾರೆ. ಹುಬ್ಬಳ್ಳಿಯಲ್ಲಿ ಅದು ನಡೆಯಬಹುದು. ಇಲ್ಲಿ ಗಾಳಿಯಲ್ಲಿರುವ ಉಪ್ಪು ತೇವವನ್ನು ಎಳೆದುಕೊಂಡು ಕಬ್ಬಿಣದ ಮೇಲೆ ಕೂತೇ ಇರುತ್ತದೆ, ಬಣ್ಣ ತೆಳುವಾದ ಕಡೆ ಒಳಗೆ ಇಳಿಯುತ್ತದೆ. ಬಣ್ಣ ತೆಳುವಾಗುವುದು ಮೂಲೆ, ಅಂಚು, ಬೆಸುಗೆಯ ಮೇಲೆಯೇ. ಬೈತಖೋಲ ಬಂದರಿನಲ್ಲಿ ಬೋಟಿಗೆ ಬಣ್ಣ ಹೊಡೆಯುವ ಒಬ್ಬರ ಹತ್ತಿರ ಕೇಳಿದೆ. ಅವರು ಹೇಳಿದ ಕ್ರಮ ಇದು: ಗ್ರೈಂಡರಿನಲ್ಲಿ ಕಿಟ್ಟ ಪೂರ್ತಿ ತೆಗೆದು, ಒರೆಸಿ, ಮೊದಲು ಬೆಸುಗೆ ಮತ್ತು ಅಂಚುಗಳಿಗೆ ಮಾತ್ರ ಬ್ರಷ್‌ನಿಂದ ಎರಡು ಡಬ್ಬಿ ಕಲಸುವ ಎಪಾಕ್ಸಿ ಪ್ರೈಮರ್ ತುಂಬುವುದು, ಆಮೇಲೆ ಇಡೀ ಸ್ಟ್ಯಾಂಡಿಗೆ ಪ್ರೈಮರ್, ಅದರ ಮೇಲೆ ಬಣ್ಣ. ಅದಕ್ಕೇ ಸ್ಟ್ಯಾಂಡನ್ನು ಬಣ್ಣ ಹಚ್ಚದೆ ಕೊಡಿ ಅಂತ ಶಾಪಿನವರಿಗೆ ಹೇಳಿ, ಬಣ್ಣದ ಕೆಲಸ ಆ ಬೋಟಿನ ಬಣ್ಣದವರಿಂದಲೇ ಮಾಡಿಸಿದೆ. ಪೈಪಿನ ತೆರೆದ ಬಾಯಿಗಳಿಗೆಲ್ಲ ತಗಡು ಬೆಸೆದು ಮುಚ್ಚಿಸಿದೆ, ಇಲ್ಲದಿದ್ದರೆ ಒಳಗಿನಿಂದ ತಿನ್ನುತ್ತಾ ಬರುವ ತುಕ್ಕು ಕಣ್ಣಿಗೆ ಬೀಳುವುದೇ ಇಲ್ಲ. ಪ್ಲೈ, ಬಣ್ಣ, ಸಾಗಾಟ ಎಲ್ಲ ಸೇರಿ ಆಗಿನ ದರದಲ್ಲಿ ಹನ್ನೆರಡು ಸಾವಿರದ ಹತ್ತಿರ ಆಯಿತು.

ಈಗ ಮೇಲಿನ ಚೌಕಟ್ಟಿನಲ್ಲಿ ತುಕ್ಕಿನ ಕಲೆಯೂ ಇಲ್ಲ. ಹಾಳಾಗಿರುವುದು ಹಿಂದಿನ ಎಡಗಾಲಿನ ಪಾದ. ಅಲ್ಲಿ ಫಿಲ್ಟರ್ ಪೈಪಿನಿಂದ ತೊಟ್ಟು ನೀರು ಬೀಳುತ್ತದೆ, ದಿನಾ ನೆಲ ಒರೆಸುವ ನೀರು ಅಲ್ಲೇ ನಿಲ್ಲುತ್ತದೆ. ಬಣ್ಣ ಗುಳ್ಳೆ ಎದ್ದು, ಉಗುರಿನಿಂದ ಕೆರೆದರೆ ಕಂದು ಪದರ ಹಾಳೆಹಾಳೆಯಾಗಿ ಬರುತ್ತದೆ. ಕೆರೆದು, ಮತ್ತೆ ಪ್ರೈಮರ್ ಹಚ್ಚಿ, ಅಡಿಗೆ ದಪ್ಪ ರಬ್ಬರ್ ಕೊಟ್ಟಿದ್ದೇನೆ. ಹೊಸದಾಗಿ ಮಾಡಿಸುವವರು ಪಾದದ ಕೆಳಗಿನ ಎರಡಿಂಚು ಭಾಗಕ್ಕೆ ಮೊದಲೇ ಒಂದು ಕೋಟ್ ಹೆಚ್ಚು ಹೊಡೆಸಿ. ಜಿಐ ಪೈಪೇ ಹಾಕಿಸಿದರಾಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಬೆಸುಗೆ ಹಾಕಿದ ಕಡೆ ಅದರ ಸತುವಿನ ಲೇಪ ಸುಟ್ಟುಹೋಗುತ್ತದೆ, ಆ ಜಾಗಕ್ಕೆ ಸತುವಿನ ಬಣ್ಣ ಬಳಿಯುವ ಕೆಲಸ ಹೇಗೂ ತಪ್ಪುವುದಿಲ್ಲ.

ಕೂರಿಸುವಾಗ ನಾಲ್ಕೂ ಮೂಲೆಯ ಮಟ್ಟವನ್ನು ಟ್ಯೂಬ್ ಲೆವೆಲ್‌ನಿಂದ ನೋಡಿದೆವು, ಪ್ಲೈ ಮೇಲೆ ಸ್ಟೀಲ್ ಪಟ್ಟಿ ನಿಲ್ಲಿಸಿ ಅಡಿಯಲ್ಲಿ ವಿಸಿಟಿಂಗ್ ಕಾರ್ಡ್ ತೂರುತ್ತದೆಯೇ ಅಂತಲೂ ನೋಡಿದೆವು. ತೊಟ್ಟಿಯ ಕೆಳಗೆ ಥರ್ಮಾಕೋಲ್ ಇದೆ. ಅದು ಬರೀ ಗಾಜಿನ ತೊಟ್ಟಿಗೆ ಮಾತ್ರ. ಅಡಿಯಲ್ಲಿ ಪ್ಲಾಸ್ಟಿಕ್ ಚೌಕಟ್ಟು ಇರುವ ತೊಟ್ಟಿಗೆ ಬೇಡ, ಭಾರ ಚೌಕಟ್ಟಿನ ಮೇಲೇ ನಿಲ್ಲಬೇಕು. ನಮ್ಮದು ನೆಲಮಹಡಿ, ಚಿಂತೆ ಇಲ್ಲ. ಮೇಲಿನ ಮಹಡಿಯವರು ಗಮನಿಸಿ: ವಾಸದ ಮನೆಯ ನೆಲಕ್ಕೆ ಕಟ್ಟಡದ ಭಾರಗಳ ಮಾನಕವಾದ ಐಎಸ್ 875ರಲ್ಲಿ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ. ಈ ತೊಟ್ಟಿ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗದಲ್ಲೇ ಅದರ ಎರಡು ಪಟ್ಟು ಮೀರಿಸುತ್ತದೆ. ಕೋಣೆಯ ನಡುವೆ ಇಡದೆ ಗೋಡೆಗೆ, ಕಂಬದ ಹತ್ತಿರಕ್ಕೆ ಇಡಿ, ಆದರೆ ಎಂಜಿನಿಯರನ್ನು ಒಮ್ಮೆ ಕೇಳಿಯೇ ಇಡಿ.

ಐದಕ್ಕೆ ನಾಲ್ಕು ಅಂಕ. ಅರ್ಧ ಕಳೆದದ್ದು ಪಾದಕ್ಕೆ, ಅರ್ಧ ಎತ್ತರಕ್ಕೆ. ಶಾಪಿನವರ ವಾಡಿಕೆಯ 30 ಇಂಚಿಗೆ ಎರಡಡಿ ತೊಟ್ಟಿ ಸೇರಿದರೆ ಮೂಲೆಯ ಜಲ್ಲಿಗೆ ಕೈ ಮುಟ್ಟುವುದಿಲ್ಲ, ಸ್ಟೂಲ್ ಹತ್ತಬೇಕು. ಎರಡಡಿ ಎತ್ತರದ ತೊಟ್ಟಿಯವರು 26 ಇಂಚಿಗೇ ಮಾಡಿಸಿಕೊಳ್ಳಿ, ಸಂಪ್ ಹಿಡಿಸುತ್ತದೆಯೇ ಅಂತ ಮೊದಲು ಅಳೆದುಕೊಂಡು.